ಶೇಕಡಾ ಅರ್ಧದಷ್ಟು ಹಣ ಯಾರ ಪಾಲಿನದು?

ಪ್ರಶ್ನೆ: ನಾವು ಮೂಲತಃ ಸಾಗರದ ಕಡೆಯವರು, ಎಂಟು ವರ್ಷಗಳಿಂದ ಇಂಗ್ಲೆಂಡಿನಲ್ಲಿ ನೆಲೆಸಿದ್ದೇವೆ. ಮಗಳು ಓದುತ್ತಿರುವ, 420 ಮಕ್ಕಳಿರುವ ಪ್ರೈಮರಿ ಶಾಲೆಗೆ ಕಳೆದ ವರ್ಷ ನಾನು ಪೇರೆಂಟ್ ಗವರ್ನರ್ (ತಂದೆತಾಯಂದಿರು ಆರಿಸುವ ಆಡಳಿತ ಮಂಡಳಿ ಸದಸ್ಯರು) ಆಗಿ ಆಯ್ಕೆಯಾದೆ. ಊರಿನ ಶಾಲೆಯ ಎಸ್‌ಡಿಎಂಸಿಯಲ್ಲಿ ನಮ್ಮಣ್ಣ ಸದಸ್ಯನಾಗಿದ್ದ. ಇದೂ ಅಂಥದೇ ಕೆಲಸವಿರಬಹುದು ಎಂದುಕೊಂಡಿದ್ದೆ. ಈಗ ನಮ್ಮ ಕೌನ್ಸಿಲ್ (ಸ್ಥಳೀಯ ಆಡಳಿತ) ಎಲ್ಲ ಶಾಲೆಗಳಿಗೂ ಪತ್ರ ಕಳುಹಿಸಿದೆ. ಶಾಲೆಗಳಿಗೆ ಹಂಚುವ ಒಟ್ಟು ಹಣದಲ್ಲಿ ಶೇ 0.5ರಷ್ಟನ್ನು ವಿಶೇಷ ಶೈಕ್ಷಣಿಕ ಅಗತ್ಯವುಳ್ಳ ಮಕ್ಕಳ ನಿಧಿಗೆ ವರ್ಗಾಯಿಸುವ ಬಗ್ಗೆ ಅಭಿಪ್ರಾಯ ಕೇಳಿದೆ. ಹೆಡ್‌ಟೀಚರ್ ಇದಕ್ಕೆ ವಿರುದ್ಧವಾಗಿದ್ದಾರೆ. ಅಂಥ ಮಕ್ಕಳ ತಂದೆತಾಯಂದಿರು, ಶಾಲೆಯೇ ಹೀಗೆ ನಿಂತರೆ ನಾವು ಯಾರ ಬಳಿ ಹೋಗುವುದು ಎಂದು ನೊಂದುಕೊಂಡಿದ್ದಾರೆ. ಇಲ್ಲಿನ ನಮ್ಮ ಕನ್ನಡ ಬಳಗದ ಕೆಲವರು ‘ನಮ್ಮ ಮಕ್ಕಳ ಪಾಲನ್ನು ನಾವೇಕೆ ಬಿಟ್ಟುಕೊಡಬೇಕು’ ಎನ್ನುತ್ತಾರೆ. ನಾನು ಏನೆಂದು ಉತ್ತರ ಬರೆಯಲಿ?

ಉತ್ತರ: ‘ನಮ್ಮ ಮಕ್ಕಳ ಪಾಲು’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಚರ್ಚೆ ದಾರಿ ತಪ್ಪುವುದು ಸಾಮಾನ್ಯವಾಗಿ ಅಲ್ಲಿಯೇ. 2025ರ ಜನವರಿಯ ಶಾಲಾ ಗಣತಿಯ ಪ್ರಕಾರ ಇಂಗ್ಲೆಂಡಿನ ಶಾಲಾ ಮಕ್ಕಳಲ್ಲಿ ಶೇ 5.3ರಷ್ಟು ಮಂದಿಗೆ ಇ.ಎಚ್.ಸಿ. ಪ್ಲಾನ್ ಇದೆ, ಅಂದರೆ ಮಗುವಿನ ಶಿಕ್ಷಣ, ಆರೋಗ್ಯ ಮತ್ತು ಆರೈಕೆಯ ಅಗತ್ಯಗಳನ್ನೂ ಅವುಗಳಿಗೆ ಒದಗಿಸಬೇಕಾದ ನೆರವನ್ನೂ ಬರೆದು, ಕೌನ್ಸಿಲ್ ಕಾನೂನಿನ ಪ್ರಕಾರ ಬದ್ಧವಾಗಿರುವ ಯೋಜನೆ. ಇನ್ನೂ ಶೇ 14.2ರಷ್ಟು ಮಕ್ಕಳು ಅಂಥ ಯೋಜನೆಯಿಲ್ಲದೆ, ಶಾಲೆಯೇ ತನ್ನ ಮಟ್ಟದಲ್ಲಿ ನೀಡುವ ‘ಸೆನ್ ಸಪೋರ್ಟ್’ (ಸೆನ್ ಎಂದರೆ ವಿಶೇಷ ಶೈಕ್ಷಣಿಕ ಅಗತ್ಯ) ಪಡೆಯುತ್ತಿದ್ದಾರೆ. ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಾಯಿತು. ನಿಮ್ಮ ಮಗಳ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಅವರಲ್ಲಿ ಐದಾರು ಮಕ್ಕಳು ಈ ಲೆಕ್ಕಕ್ಕೆ ಸೇರಿದವರು; ಮತ್ತು ಆ ಐದಾರು ಮಕ್ಕಳಲ್ಲಿ ನಾಲ್ವರಿಗೆ ಸಿಗುವ ಹೆಚ್ಚಿನ ಗಮನವೆಲ್ಲ, ಈಗ ಯಾವ ಹಣದಿಂದ ಶೇಕಡಾ ಅರ್ಧವನ್ನು ತೆಗೆಯಲು ಹೊರಟಿದ್ದಾರೋ ಆ ಹಣದಿಂದಲೇ ಬರುತ್ತಿದೆ. ಆದ್ದರಿಂದ ಇದನ್ನು ‘ಸಾಮಾನ್ಯ ಮಕ್ಕಳಿಂದ ಕಿತ್ತು ವಿಶೇಷ ಮಕ್ಕಳಿಗೆ ಕೊಡುವುದು’ ಎಂದು ಓದುವುದು ತಪ್ಪು. ಬಹಳಷ್ಟು ಸಂದರ್ಭಗಳಲ್ಲಿ ಇದು ಪ್ಲಾನ್ ಇಲ್ಲದ ವಿಶೇಷ ಅಗತ್ಯದ ಮಗುವಿನಿಂದ ಪ್ಲಾನ್ ಇರುವ ವಿಶೇಷ ಅಗತ್ಯದ ಮಗುವಿಗೆ ಹೋಗುವ ಹಣ. ನಿಮ್ಮ ಹೆಡ್‌ಟೀಚರ್ ಕಲ್ಲುಹೃದಯದವರೆಂದಾಗಲೀ ಆ ತಂದೆತಾಯಂದಿರು ಸ್ವಾರ್ಥಿಗಳೆಂದಾಗಲೀ ತೀರ್ಮಾನಿಸುವ ಮೊದಲು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹಣ ಹೇಗೆ ಬರುತ್ತದೆ ಎಂಬುದನ್ನು ತಿಳಿಯದೆ ಕೌನ್ಸಿಲ್‌ನ ಪತ್ರವನ್ನು ಓದಲಾಗದು. ಕೇಂದ್ರ ಸರ್ಕಾರ ಪ್ರತಿ ಕೌನ್ಸಿಲ್‌ಗೆ ‘ಡೆಡಿಕೇಟೆಡ್ ಸ್ಕೂಲ್ಸ್ ಗ್ರಾಂಟ್’ ಎಂಬ ಅನುದಾನವನ್ನು 2006ರಿಂದ ಕೊಡುತ್ತಿದೆ. ಅದನ್ನು ಶಿಕ್ಷಣಕ್ಕಲ್ಲದೆ ರಸ್ತೆಗೋ ಕಸ ವಿಲೇವಾರಿಗೋ ಬಳಸುವಂತಿಲ್ಲ. 2018–19ರಿಂದ ಈ ಅನುದಾನಕ್ಕೆ ನಾಲ್ಕು ಬ್ಲಾಕ್‌ಗಳಿವೆ. ಇವುಗಳಲ್ಲಿ ದೊಡ್ಡದು ಸ್ಕೂಲ್ಸ್ ಬ್ಲಾಕ್, ನಿಮ್ಮ ಶಾಲೆಯ ಬಜೆಟ್ ಬರುವುದು ಇದರಿಂದ. ಎರಡನೆಯದು ಹೈ ನೀಡ್ಸ್ ಬ್ಲಾಕ್. ವಿಶೇಷ ಶಾಲೆಗಳು, ಖಾಸಗಿ ವಿಶೇಷ ಶಾಲೆಗಳ ಶುಲ್ಕ, ಇ.ಎಚ್.ಸಿ. ಪ್ಲಾನ್ ಇರುವ ಮಕ್ಕಳಿಗೆ ಮಾಮೂಲಿ ಶಾಲೆಗಳಲ್ಲಿ ಕೊಡುವ ಹೆಚ್ಚುವರಿ ಹಣ, ಇವೆಲ್ಲ ಇದರಿಂದ. ಉಳಿದೆರಡು ಬ್ಲಾಕ್‌ಗಳು ಶಿಶುವಿಹಾರಗಳಿಗೂ ಕೌನ್ಸಿಲ್‌ನ ಕೇಂದ್ರೀಯ ಸೇವೆಗಳಿಗೂ ಸಂಬಂಧಿಸಿದವು, ಅವು ನಮ್ಮ ಪ್ರಶ್ನೆಗೆ ಬರುವುದಿಲ್ಲ. 2018–19ರಲ್ಲಿಯೇ ಸ್ಕೂಲ್ಸ್ ಬ್ಲಾಕ್‌ಗೆ ಬೇಲಿ ಹಾಕಿ, ಅದರಿಂದ ಶೇ 0.5ಕ್ಕಿಂತ ಹೆಚ್ಚು ಹಣವನ್ನು ಹೊರಗೆ ಸಾಗಿಸುವಂತಿಲ್ಲ ಎಂದು ನಿಯಮ ಮಾಡಿದರು. ಆ ಅರ್ಧ ಶೇಕಡಾಕ್ಕೂ, ಶಾಲೆಗಳ ಪ್ರತಿನಿಧಿಗಳಿರುವ ಸ್ಥಳೀಯ ‘ಸ್ಕೂಲ್ಸ್ ಫೋರಂ’ನ ಒಪ್ಪಿಗೆ ಬೇಕು, ಫೋರಂ ನಿರಾಕರಿಸಿದರೆ ಅಥವಾ ಕೌನ್ಸಿಲ್‌ಗೆ ಅದಕ್ಕಿಂತ ಹೆಚ್ಚು ಬೇಕಿದ್ದರೆ ಲಂಡನ್ನಿನ ಶಿಕ್ಷಣ ಸಚಿವರ ಮುಂದೆ ಅರ್ಜಿ ಹಾಕಬೇಕು. ಒಪ್ಪಿಗೆ ಒಂದು ವರ್ಷಕ್ಕೆ ಮಾತ್ರ. ಮುಂದಿನ ವರ್ಷಕ್ಕೆ ಮತ್ತೆ ಮೊದಲಿನಿಂದ ಕೇಳಬೇಕು. ನಾನಿಲ್ಲಿ ಹೇಳುತ್ತಿರುವ ಅಂಕಿಗಳೂ ನಿಯಮಗಳೂ 2025–26ರವು.

ಈಗ ಅತ್ಯಂತ ಮುಖ್ಯವಾದ ಭಾಗ. ಮಾಮೂಲಿ ಶಾಲೆಯಲ್ಲಿ ಓದುವ ವಿಶೇಷ ಅಗತ್ಯದ ಮಗುವಿಗೆ ಹಣ ಮೂರು ಪದರಗಳಲ್ಲಿ ಬರುತ್ತದೆ. ಮೊದಲನೆಯದು ಪ್ರತಿ ಮಗುವಿಗೂ ಸಿಗುವ ಮೂಲ ತಲಾವಾರು ಮೊತ್ತ. ಎರಡನೆಯದು ಆ ಮಗುವಿಗೆ ಬೇಕಾದ ಹೆಚ್ಚಿನ ನೆರವಿನ ಮೊದಲ 6,000 ಪೌಂಡ್. ಇದನ್ನು ಶಾಲೆ ತನ್ನ ಬಜೆಟ್ಟಿನಿಂದಲೇ ಭರಿಸಬೇಕು. ನೆರವಿನ ವೆಚ್ಚ ಅದನ್ನೂ ಮೀರಿದರೆ ಮೂರನೆಯ ಪದರವಾಗಿ ಕೌನ್ಸಿಲ್ ಹೈ ನೀಡ್ಸ್ ಬ್ಲಾಕ್‌ನಿಂದ ‘ಟಾಪ್-ಅಪ್’ ಕೊಡುತ್ತದೆ. ಈ 6,000ದ ಗೆರೆ 2013ರಲ್ಲಿ ಎಳೆದದ್ದು, ಇಂದಿಗೂ ಅಲ್ಲಿಯೇ ನಿಂತಿದೆ. ಆ ಎರಡನೆಯ ಪದರಕ್ಕೆಂದು ಶಾಲೆಯ ಬಜೆಟ್ ಹಾಳೆಯಲ್ಲಿ ‘ನೋಷನಲ್ ಸೆನ್ ಬಜೆಟ್’ ಎಂಬ ಒಂದು ಸಾಲು ಇರುತ್ತದೆ. ಹೆಸರೇ ಹೇಳುವಂತೆ ಅದು ಕಾಲ್ಪನಿಕ: ಪ್ರತ್ಯೇಕ ಚೀಲದಲ್ಲಿ ಬರುವ ಹಣ ಅದಲ್ಲ, ಒಟ್ಟು ಬಜೆಟ್ಟಿನಲ್ಲಿ ಇಷ್ಟು ಭಾಗ ಇದಕ್ಕೆ ಸಾಕಾಗಬೇಕು ಎಂದು ಕೌನ್ಸಿಲ್ ಹಾಕಿಟ್ಟ ಅಂದಾಜು. ಮತ್ತು ಆ ಅಂದಾಜನ್ನು ಕಟ್ಟುವುದು ಶಾಲೆಯಲ್ಲಿ ಬಡ ಕುಟುಂಬಗಳ ಮಕ್ಕಳೆಷ್ಟು, ಹಿಂದಿನ ಹಂತದಲ್ಲಿ ಕಲಿಕೆಯಲ್ಲಿ ಹಿಂದುಳಿದಿದ್ದವರೆಷ್ಟು ಎಂಬಂಥ ಲೆಕ್ಕಗಳ ಮೇಲೆ. ಶಾಲೆಯಲ್ಲಿ ನಿಜವಾಗಿ ಎಷ್ಟು ಪ್ಲಾನ್‌ಗಳಿವೆ ಎಂಬುದು ಅದರಲ್ಲಿ ಎಣಿಕೆಗೆ ಬರುವುದಿಲ್ಲ. ಇದರ ಪರಿಣಾಮವನ್ನು ಯೋಚಿಸಿ. ‘ಆ ಶಾಲೆಯವರು ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ’ ಎಂಬ ಹೆಸರು ಬಾಯಿಂದ ಬಾಯಿಗೆ ಹರಡಿ, ಸುತ್ತಲಿನ ವಿಶೇಷ ಅಗತ್ಯದ ಮಕ್ಕಳೆಲ್ಲ ಅಲ್ಲಿಗೇ ಬಂದರೆ, ಬಂದ ಪ್ರತಿಯೊಂದು ಪ್ಲಾನಿಗೂ ಆ ಶಾಲೆ ಮೊದಲ 6,000 ಪೌಂಡ್ ಕೈಯಿಂದ ಹಾಕಬೇಕು. ‘ನಮ್ಮಲ್ಲಿ ಸೌಲಭ್ಯ ಇಲ್ಲ’ ಎಂದು ನಯವಾಗಿ ಸಾಗಹಾಕುವ ಪಕ್ಕದ ಶಾಲೆಗೆ ಆ ಹೊರೆಯೇ ಇಲ್ಲ. ಇಪ್ಪತ್ತು ಪ್ಲಾನ್‌ಗಳಿರುವ ಶಾಲೆ ವರ್ಷಕ್ಕೆ 1.2 ಲಕ್ಷ ಪೌಂಡ್‌ನಿಂದ ಆರಂಭಿಸಬೇಕಾಗುತ್ತದೆ. ಹೀಗೆ ಕೆಲವು ಶಾಲೆಗಳಿಗೆ ಅವು ಮಾಡುವ ಒಳ್ಳೆಯ ಕೆಲಸವೇ ದಂಡವಾಗಿಬಿಡುತ್ತದೆ. ನಿಮ್ಮ ಹೆಡ್‌ಟೀಚರ್ ಏಕೆ ವಿರೋಧಿಸುತ್ತಿದ್ದಾರೆ ಎಂಬುದಕ್ಕೆ ಉತ್ತರ ಇಲ್ಲಿರಬಹುದು. ಶಾಲೆಯಲ್ಲಿ ಎಷ್ಟು ಪ್ಲಾನ್‌ಗಳಿವೆ, ನೋಷನಲ್ ಬಜೆಟ್ ಎಷ್ಟು, ನಿಜವಾದ ಖರ್ಚು ಎಷ್ಟು ಎಂಬ ಮೂರು ಅಂಕಿಗಳನ್ನು ಮೊದಲು ಅವರಿಂದಲೂ ಸೆನ್ಕೋ (ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳ ಹೊಣೆ ಹೊತ್ತ ಶಿಕ್ಷಕರು) ಅವರಿಂದಲೂ ಪಡೆದುಕೊಳ್ಳಿ. ಗವರ್ನರ್ ಆಗಿ ಅದನ್ನು ಕೇಳುವ ಹಕ್ಕೂ ಕರ್ತವ್ಯವೂ ನಿಮ್ಮದೇ.

ಇನ್ನು ಕೌನ್ಸಿಲ್ ಏಕೆ ಕೈಯೊಡ್ಡಿದೆ ಎಂಬ ವಿಚಾರ. 2014ರ ‘ಚಿಲ್ಡ್ರನ್ ಅಂಡ್ ಫ್ಯಾಮಿಲೀಸ್ ಆಕ್ಟ್’ ಮಗುವಿನ ಅಗತ್ಯಗಳನ್ನು ದಾಖಲಿಸುತ್ತಿದ್ದ ಹಳೆಯ ಸ್ಟೇಟ್‌ಮೆಂಟ್ ಪದ್ಧತಿಯನ್ನು ತೆಗೆದು ಇ.ಎಚ್.ಸಿ. ಪ್ಲಾನ್ ತಂದಿತು, ಹಕ್ಕನ್ನು 25 ವರ್ಷದವರೆಗೆ ವಿಸ್ತರಿಸಿತು. 2015ರ ಜನವರಿಯಲ್ಲಿ ಸ್ಟೇಟ್‌ಮೆಂಟ್ ಮತ್ತು ಪ್ಲಾನ್‌ಗಳು ಸೇರಿ ಸುಮಾರು 2.4 ಲಕ್ಷ ಇದ್ದವು. 2025ರ ಜನವರಿಯಲ್ಲಿ ಪ್ಲಾನ್‌ಗಳ ಸಂಖ್ಯೆ 6.38 ಲಕ್ಷ ಮುಟ್ಟಿತು. ಸರ್ಕಾರ ಹಣವನ್ನು ಹೆಚ್ಚಿಸಲಿಲ್ಲ ಎಂದು ಹೇಳುವುದು ಸರಿಯಾಗದು: ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿಯ 2024ರ ಅಕ್ಟೋಬರ್ ವರದಿಯ ಪ್ರಕಾರ ಹೈ ನೀಡ್ಸ್ ಹಣ ಹತ್ತು ವರ್ಷಗಳಲ್ಲಿ, ಬೆಲೆಯೇರಿಕೆಯನ್ನು ಕಳೆದ ಮೇಲೂ ಶೇ 58ರಷ್ಟು ಹೆಚ್ಚಿ, 2024–25ರಲ್ಲಿ 1,070 ಕೋಟಿ ಪೌಂಡ್ ಆಗಿತ್ತು. ಆದರೆ ಅಗತ್ಯ ಅದಕ್ಕಿಂತ ವೇಗವಾಗಿ ಬೆಳೆಯಿತು. ಸರ್ಕಾರಿ ವಿಶೇಷ ಶಾಲೆಗಳಲ್ಲಿ ಜಾಗ ತುಂಬಿದಾಗ ಕೌನ್ಸಿಲ್‌ಗಳು ಖಾಸಗಿ ವಿಶೇಷ ಶಾಲೆಗಳ ಮೊರೆಹೋದವು. ಮೊದಲನೆಯ ಕಡೆ ಒಂದು ಮಗುವಿಗೆ ವರ್ಷಕ್ಕೆ ಸರಾಸರಿ ಸುಮಾರು 24 ಸಾವಿರ ಪೌಂಡ್ ಆಗುವಲ್ಲಿ ಎರಡನೆಯ ಕಡೆ 60 ಸಾವಿರ ದಾಟುತ್ತದೆ. ಕೊರತೆಗಳು ಪೇರುತ್ತಾ ಹೋದವು. ಆ ಕೊರತೆಯನ್ನು ತುಂಬಲು ಕೌನ್ಸಿಲ್ ತನ್ನ ಸಾಮಾನ್ಯ ನಿಧಿಯನ್ನು ಸಚಿವರ ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. 2020ರಿಂದ ಜಾರಿಯಲ್ಲಿರುವ ‘ಸ್ಟ್ಯಾಚುಟರಿ ಓವರ್‌ರೈಡ್’ ಎಂಬ ವಿನಾಯಿತಿಯಂತೆ ಈ ಸಾಲವನ್ನು ಪಕ್ಕದ ಪುಸ್ತಕವೊಂದರಲ್ಲಿ ಬರೆದಿಟ್ಟು, ಮುಖ್ಯ ಲೆಕ್ಕದಲ್ಲಿ ಅದು ಇಲ್ಲವೆಂಬಂತೆ ನಡೆದುಕೊಳ್ಳಲಾಗುತ್ತಿದೆ. ಮೊದಲು 2023ಕ್ಕೆ, ಆಮೇಲೆ 2026ಕ್ಕೆ ಮುಗಿಯಬೇಕಿದ್ದ ಈ ಏರ್ಪಾಡನ್ನು ಈಗ 2028ರ ಮಾರ್ಚ್‌ವರೆಗೆ ಮುಂದೂಡಿದ್ದಾರೆ. ದೇಶದ ಎಲ್ಲ ಕೌನ್ಸಿಲ್‌ಗಳ ಇಂಥ ಕೊರತೆ ಒಟ್ಟಾಗಿ 2026ರ ಮಾರ್ಚ್ ವೇಳೆಗೆ 430ರಿಂದ 490 ಕೋಟಿ ಪೌಂಡ್ ಆಗಬಹುದೆಂದು ಅದೇ ವರದಿ ಅಂದಾಜಿಸಿತ್ತು. ಪುಸ್ತಕ ಪಕ್ಕದಲ್ಲಿದ್ದರೂ ಬಡ್ಡಿಯ ಹೊರೆ ಮಾತ್ರ ಕೌನ್ಸಿಲ್‌ನ ಮುಖ್ಯ ನಿಧಿಯ ಮೇಲೆಯೇ ಬೀಳುತ್ತದೆ.

ಈ ಹಿನ್ನೆಲೆಯಲ್ಲಿ ಅರ್ಧ ಶೇಕಡಾ ಎಂದರೆ ಎಷ್ಟು? ಸ್ಕೂಲ್ಸ್ ಬ್ಲಾಕ್ 30 ಕೋಟಿ ಪೌಂಡ್ ಇರುವ ಒಂದು ಕೌನ್ಸಿಲ್ ಎಂದು ಇಟ್ಟುಕೊಳ್ಳಿ. ವರ್ಗಾವಣೆಯಾಗುವುದು 15 ಲಕ್ಷ ಪೌಂಡ್. ಅಷ್ಟು ಹಣದಲ್ಲಿ ಖಾಸಗಿ ವಿಶೇಷ ಶಾಲೆಗಳಲ್ಲಿ ಇಪ್ಪತ್ತನಾಲ್ಕು ಮಕ್ಕಳ ಒಂದು ವರ್ಷದ ಶುಲ್ಕ ಕಟ್ಟಬಹುದು, ಸರ್ಕಾರಿ ವಿಶೇಷ ಶಾಲೆಗಳಲ್ಲಾದರೆ ಅರವತ್ತು ಮಕ್ಕಳದ್ದು. ಅದೇ ಹಣವನ್ನು ಮಾಮೂಲಿ ಶಾಲೆಗಳಲ್ಲಿ ತಲಾ 6,000 ಪೌಂಡ್‌ನಂತೆ ಬೇಗನೆ ಕೊಟ್ಟರೆ 250 ಮಕ್ಕಳನ್ನು ತಲುಪಬಹುದು. ಇನ್ನು ನಿಮ್ಮಂಥ 420 ಮಕ್ಕಳ ಶಾಲೆಯ ಬಜೆಟ್ 21 ಲಕ್ಷ ಪೌಂಡ್ ಎಂದುಕೊಂಡರೆ, ಸರಳ ಭಾಗಾಕಾರದ ಪ್ರಕಾರ ಹೋಗುವುದು 10,500 ಪೌಂಡ್. ಒಬ್ಬ ಟೀಚಿಂಗ್ ಅಸಿಸ್ಟೆಂಟ್‌ನ ಅರ್ಧ ಹುದ್ದೆಯ ಆಸುಪಾಸು.

ಆದರೆ ಸರಳ ಭಾಗಾಕಾರದಂತೆ ಅದು ಹೋಗುವುದಿಲ್ಲ, ಮತ್ತು ಫೋರಂ ಸಭೆಗಳಲ್ಲಿ ಅನುಭವಸ್ಥರೂ ಗಮನಿಸದೆ ಬಿಡುವ ಅಂಶ ಇದೇ. ವರ್ಗಾಯಿಸುವ ಹಣವನ್ನು ಪ್ರತಿ ಶಾಲೆಯಿಂದ ಸಮನಾಗಿ ಕಡಿಯುವ ಕ್ರಮವಿಲ್ಲ. ಹಂಚಿಕೆಯ ಸೂತ್ರದಲ್ಲಿರುವ ದರಗಳನ್ನು ಸ್ವಲ್ಪ ಇಳಿಸಿ, ಅಥವಾ ಬಜೆಟ್ ಹೆಚ್ಚುತ್ತಿರುವ ಶಾಲೆಗಳ ಹೆಚ್ಚಳಕ್ಕೆ ಮಿತಿ ಹಾಕಿ ಆ ಹಣವನ್ನು ಹೊಂದಿಸುತ್ತಾರೆ. ಸೂತ್ರದಲ್ಲಿ ಎರಡು ರಕ್ಷಣೆಗಳಿವೆ. ಒಂದು, ಕನಿಷ್ಠ ತಲಾವಾರು ಮೊತ್ತ: 2025–26ರಲ್ಲಿ ಪ್ರೈಮರಿಗೆ 4,955 ಪೌಂಡ್, ಸೆಕೆಂಡರಿಗೆ 6,465 ಪೌಂಡ್, ಸೂತ್ರ ಏನೇ ಹೇಳಿದರೂ ಶಾಲೆಗೆ ಇದಕ್ಕಿಂತ ಕಡಿಮೆ ಕೊಡುವಂತಿಲ್ಲ. ಇನ್ನೊಂದು, ಹಿಂದಿನ ವರ್ಷದ ತಲಾವಾರು ಮೊತ್ತಕ್ಕೆ ಹೋಲಿಸಿದರೆ ಒಂದು ಮಿತಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವ ‘ಮಿನಿಮಮ್ ಫಂಡಿಂಗ್ ಗ್ಯಾರಂಟಿ’. ಈ ಎರಡರಲ್ಲೊಂದರ ಕೊಡೆಯಡಿ ಇರುವ ಶಾಲೆಗಳಿಗೆ ದರ ಇಳಿದರೂ ಮಳೆ ತಾಕುವುದಿಲ್ಲ. ಕನಿಷ್ಠ ಮೊತ್ತದ ಮೇಲೆ ನಿಂತಿರುವವು ಬಹುಪಾಲು ಸ್ಥಿತಿವಂತರ ಬಡಾವಣೆಗಳ ಶಾಲೆಗಳು, ಏಕೆಂದರೆ ಬಡತನಕ್ಕಾಗಿ ಸಿಗುವ ಹೆಚ್ಚುವರಿ ಹಣ ಅವುಗಳಿಗೆ ಕಡಿಮೆ. ಹೀಗಾಗಿ ಪೂರ್ತಿ ಹೊರೆ ಬೀಳುವುದು ಉಳಿದವುಗಳ ಮೇಲೆ. ಅವುಗಳಲ್ಲಿ ಬಡ ಮಕ್ಕಳೂ ವಿಶೇಷ ಅಗತ್ಯದ ಮಕ್ಕಳೂ ಹೆಚ್ಚಾಗಿರುವ ಶಾಲೆಗಳೇ ಬಹಳ. ಕಾಗದದ ಮೇಲೆ ಎಲ್ಲರಿಗೂ ಅರ್ಧ ಶೇಕಡಾ ಎಂದು ಕಾಣುವುದು, ವಾಸ್ತವದಲ್ಲಿ ಒಂದು ಶಾಲೆಗೆ ಸೊನ್ನೆಯಾಗಿ, ಇನ್ನೊಂದಕ್ಕೆ ಮುಕ್ಕಾಲು ಶೇಕಡಾವೋ ಒಂದು ಶೇಕಡಾವೋ ಆಗಬಹುದು. ಆದ್ದರಿಂದ ನಿಮ್ಮ ಉತ್ತರದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ವರ್ಗಾವಣೆ ಮಾಡಿದರೆ ಮತ್ತು ಮಾಡದಿದ್ದರೆ ಪ್ರತಿ ಶಾಲೆಯ ಬಜೆಟ್ ಎಷ್ಟಾಗುತ್ತದೆ ಎಂಬ ಶಾಲಾವಾರು ಪಟ್ಟಿ ಎಲ್ಲಿ? ಒಳ್ಳೆಯ ಕೌನ್ಸಿಲ್‌ಗಳು ಅದನ್ನು ಸಮಾಲೋಚನೆಯ ಜೊತೆಯಲ್ಲಿಯೇ ಲಗತ್ತಿಸುತ್ತವೆ. ಲಗತ್ತಿಸದಿದ್ದರೆ, ಅಭಿಪ್ರಾಯ ಕೇಳುವುದಕ್ಕೆ ಬೇಕಾದ ಮಾಹಿತಿಯನ್ನೇ ಕೊಟ್ಟಿಲ್ಲ ಎಂದು ಬರೆಯಲು ಸಂಕೋಚ ಬೇಡ.

ಎರಡನೆಯ ಪ್ರಶ್ನೆ, ಹೋದ ಹಣ ಏನನ್ನು ಕೊಳ್ಳುತ್ತದೆ ಎಂಬುದು. ಈ ಕೆಲಸದಲ್ಲಿದ್ದ ವರ್ಷಗಳಲ್ಲಿ ನಾನು ನೋಡಿದ ಒಂದು ಪ್ರಸ್ತಾವ ಹತ್ತಾರು ಪುಟಗಳಿದ್ದು, ಕೊರತೆಯ ರೇಖಾಚಿತ್ರಗಳಿಂದ ತುಂಬಿತ್ತು. ಹಣವನ್ನು ಯಾವುದಕ್ಕೆ ಬಳಸುತ್ತೇವೆ ಎಂಬುದಕ್ಕೆ ಮಾತ್ರ ‘ಹೈ ನೀಡ್ಸ್ ಬ್ಲಾಕ್ ಮೇಲಿನ ಒತ್ತಡವನ್ನು ಕಡಿಮೆ ಮಾಡಲು’ ಎಂಬ ಒಂದೇ ಸಾಲು. ಅದರರ್ಥ, ಹಣ ಹಳೆಯ ಸಾಲದ ಗುಂಡಿಗೆ ಬೀಳುತ್ತದೆ ಎಂದು. ಹತ್ತಾರು ಕೋಟಿ ಪೌಂಡ್ ಕೊರತೆಯಿರುವ ಕೌನ್ಸಿಲ್‌ನಲ್ಲಿ 15 ಲಕ್ಷವನ್ನು ಆ ಗುಂಡಿಗೆ ಸುರಿದರೆ ಯಾವ ಮಗುವಿನ ದಿನವೂ ಬದಲಾಗುವುದಿಲ್ಲ; ಬದಲಾಗುವುದು ಕೊರತೆಯ ಅಂಕಿಯ ಕೊನೆಯ ಸ್ಥಾನ ಮಾತ್ರ. ಆದರೆ ಶಾಲೆಗಳಲ್ಲಿ ಕಡಿತವಾದ ಅರ್ಧ ಹುದ್ದೆಗಳಿಂದ, ಪ್ಲಾನ್ ಇಲ್ಲದೆ ಹೇಗೋ ನಿಭಾಯಿಸುತ್ತಿದ್ದ ಮಕ್ಕಳು ನಿಭಾಯಿಸಲಾಗದ ಸ್ಥಿತಿಗೆ ಬರುತ್ತಾರೆ, ಅವರ ತಂದೆತಾಯಂದಿರು ಪ್ಲಾನ್‌ಗೆ ಅರ್ಜಿ ಹಾಕುತ್ತಾರೆ, ಮತ್ತು ಹೈ ನೀಡ್ಸ್ ಬ್ಲಾಕ್‌ನ ಮೇಲಿನ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ಪ್ಲಾನ್ ಇದ್ದರೆ ಮಾತ್ರ ಹೆಚ್ಚುವರಿ ಹಣ ಎಂಬ ಪದ್ಧತಿ ಇರುವ ಕಡೆಯೆಲ್ಲ ಎಲ್ಲರೂ ಪ್ಲಾನ್ ಬೇಡುತ್ತಾರೆ, ಅವರನ್ನು ದೂರುವಂತಿಲ್ಲ.

ಇದಕ್ಕೆ ವಿರುದ್ಧವಾದ ದಾರಿಯೂ ಇದೆ. ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿ ಬಹುಕಾಲದಿಂದ ಒಂದು ಸೆಕೆಂಡರಿ ಶಾಲೆ ಮತ್ತು ಅದಕ್ಕೆ ಮಕ್ಕಳನ್ನು ಕಳುಹಿಸುವ ಪ್ರೈಮರಿಗಳನ್ನು ಒಂದು ‘ಫ್ಯಾಮಿಲಿ’ ಎಂದು ಗುಂಪು ಮಾಡಿ, ಆ ಗುಂಪಿಗೆ ಹೈ ನೀಡ್ಸ್ ಹಣದ ಒಂದು ಭಾಗವನ್ನು ಕೊಟ್ಟು, ಪ್ಲಾನ್ ಇಲ್ಲದ ಮಕ್ಕಳಿಗೂ ಅದನ್ನು ಬಳಸಲು ಅವಕಾಶ ಮಾಡಿಕೊಟ್ಟಿದೆ. ಪ್ಲಾನ್‌ಗಳ ಪ್ರಮಾಣ ಕಡಿಮೆಯಿರುವ ಕೌಂಟಿಗಳಲ್ಲಿ ಅದನ್ನು ಹೆಸರಿಸುವುದು ವಾಡಿಕೆ. ಅದು ಎಲ್ಲೆಡೆಗೂ ಒಗ್ಗುವ ಮದ್ದೆಂದು ನಾನು ಹೇಳಲಾರೆ; ಪ್ಲಾನ್ ಇಲ್ಲದ ಮಗುವಿಗೆ ಕಾನೂನಿನ ಬಲವಾದ ರಕ್ಷಣೆಯೂ ಇರುವುದಿಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ವರ್ಗಾವಣೆಯಾದ ಹಣ ಪ್ಲಾನ್‌ಗಾಗಿ ಕಾಯಿಸದೆ ತರಗತಿಗೇ ಬೇಗ ಮರಳುವುದಾದರೆ, ಅಥವಾ ಮಾಮೂಲಿ ಶಾಲೆಯೊಳಗೆ ಹತ್ತು ಹನ್ನೆರಡು ಮಕ್ಕಳ ರಿಸೋರ್ಸ್ ಬೇಸ್ (ವಿಶೇಷ ನೆರವಿನ ಘಟಕ) ತೆರೆಯಲು, ಮಾತು-ಭಾಷೆಯ ಥೆರಪಿಸ್ಟ್‌ಗಳನ್ನು ಶಾಲೆಗಳ ಗುಂಪಿಗೆ ನೇಮಿಸಲು ಬಳಕೆಯಾಗುವುದಾದರೆ, ಆ ವರ್ಗಾವಣೆಯನ್ನು ನಾನು ಬೆಂಬಲಿಸುತ್ತೇನೆ. ಅದರಲ್ಲೂ ವಿಶೇಷ ಅಗತ್ಯದ ಮಕ್ಕಳನ್ನು ಹೆಚ್ಚಾಗಿ ಸೇರಿಸಿಕೊಂಡಿರುವ ಶಾಲೆಗಳಿಗೆ 6,000ದ ಹೊರೆಯನ್ನು ಹಗುರಗೊಳಿಸಲು ಒಂದು ಪಾಲನ್ನು ಎತ್ತಿಟ್ಟರೆ, ಸೊನ್ನೆ ಕೊಟ್ಟು ಕೊಡೆಯಡಿ ನಿಂತ ಶಾಲೆಗಳಿಗೂ ಹೊರೆ ಹೊತ್ತ ಶಾಲೆಗಳಿಗೂ ನಡುವಿನ ಅನ್ಯಾಯ ಸ್ವಲ್ಪ ಸರಿಹೋಗುತ್ತದೆ. ಬರಿಯ ಕೊರತೆ ತುಂಬಲು ಎಂದಾದರೆ ವಿರೋಧಿಸುತ್ತೇನೆ.

ಈಗ ಆ ನೊಂದ ತಂದೆತಾಯಂದಿರ ವಿಚಾರ. ಫೋರಂ ಒಪ್ಪದಿದ್ದರೆ ತಮ್ಮ ಮಗುವಿನ ಪ್ಲಾನ್‌ನಲ್ಲಿರುವ ನೆರವು ನಿಲ್ಲುತ್ತದೆ ಎಂಬ ಭಯ ಅವರಲ್ಲಿದ್ದರೆ, ಆ ಭಯವನ್ನು ನೀವು ಸ್ಪಷ್ಟವಾಗಿ ನಿವಾರಿಸಬೇಕು. 2014ರ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಪ್ಲಾನ್‌ನಲ್ಲಿ ಬರೆದ ಶೈಕ್ಷಣಿಕ ನೆರವನ್ನು ಕೌನ್ಸಿಲ್ ಒದಗಿಸಲೇಬೇಕು. ಹಣವಿಲ್ಲ ಎಂಬುದು ಅದಕ್ಕೆ ಸಬೂಬಾಗದು. ಪ್ಲಾನ್ ಇಲ್ಲದ ಮಗುವಿಗೆ 66ನೇ ಸೆಕ್ಷನ್ ಶಾಲೆಯ ಮೇಲೆ ಹೊಣೆ ಹೊರಿಸುತ್ತದೆ, ಆದರೆ ಅದು ‘ಸಾಧ್ಯವಾದಷ್ಟೂ ಪ್ರಯತ್ನಿಸಬೇಕು’ ಎಂಬ ಮಟ್ಟದ್ದು. ಈ ಅಸಮಾನತೆಯನ್ನು ಗಮನಿಸಿ: ವರ್ಗಾವಣೆ ನಿಂತರೆ ಪ್ಲಾನ್ ಇರುವ ಮಗುವಿನ ಹಕ್ಕು ಹಾಗೆಯೇ ಉಳಿಯುತ್ತದೆ, ವರ್ಗಾವಣೆ ಆದರೆ ಪ್ಲಾನ್ ಇಲ್ಲದ ಮಗುವಿನ ನೆರವು ಸದ್ದಿಲ್ಲದೆ ಕರಗಬಹುದು, ಅದನ್ನು ಪ್ರಶ್ನಿಸಲು ಆ ಮಗುವಿನ ಮನೆಯವರ ಕೈಯಲ್ಲಿ ಅಷ್ಟು ಗಟ್ಟಿಯಾದ ದಾಖಲೆಯೂ ಇರುವುದಿಲ್ಲ. ಹಾಗೆಂದು ಹೈ ನೀಡ್ಸ್ ಬ್ಲಾಕ್ ಬರಿದಾದರೆ ಏನೂ ಆಗುವುದಿಲ್ಲವೆಂದು ಅವರಿಗೆ ಹೇಳಬೇಡಿ. ಹಣ ಬಿಗಿಯಾದಾಗ ಕೌನ್ಸಿಲ್‌ಗಳು ಹೊಸ ಪ್ಲಾನ್‌ಗಳನ್ನು ತಡಮಾಡುತ್ತವೆ. ಇಪ್ಪತ್ತು ವಾರಗಳೊಳಗೆ ಮುಗಿಯಬೇಕಾದ ಪ್ರಕ್ರಿಯೆ 2024ರಲ್ಲಿ ಅರ್ಧಕ್ಕಿಂತ ಕಡಿಮೆ ಪ್ರಕರಣಗಳಲ್ಲಿ ಮಾತ್ರ ಆ ಗಡುವಿನೊಳಗೆ ಮುಗಿದಿದೆ.

ನ್ಯಾಯಾಲಯಗಳು ಏನು ಹೇಳಿವೆ ಎಂದು ಆ ತಂದೆತಾಯಂದಿರು ಕೇಳಬಹುದು. 2018ರ ಆಗಸ್ಟ್‌ನಲ್ಲಿ ಹೈಕೋರ್ಟು ಬ್ರಿಸ್ಟಲ್ ನಗರ ಕೌನ್ಸಿಲ್ ಹೈ ನೀಡ್ಸ್ ಬಜೆಟ್ಟಿನಲ್ಲಿ ಮಾಡಿದ್ದ ಸುಮಾರು 50 ಲಕ್ಷ ಪೌಂಡ್ ಕಡಿತದ ತೀರ್ಮಾನವನ್ನು ರದ್ದುಪಡಿಸಿತು. ಬಾಧಿತರೊಂದಿಗೆ ಸಮಾಲೋಚಿಸಿರಲಿಲ್ಲ, ಅಂಗವೈಕಲ್ಯವುಳ್ಳ ಮಕ್ಕಳ ಮೇಲಾಗುವ ಪರಿಣಾಮವನ್ನು ತೂಗಿ ನೋಡಿರಲಿಲ್ಲ ಎಂಬುದು ಕಾರಣ. ಮರುವರ್ಷ ಲಂಡನ್ನಿನ ಹ್ಯಾಕ್ನಿಯಲ್ಲಿ ಟಾಪ್-ಅಪ್ ದರಗಳ ಶೇ 5ರಷ್ಟು ಕಡಿತವನ್ನು ಪ್ರಶ್ನಿಸಿದ ತಂದೆತಾಯಂದಿರು ಸೋತರು. ಕೌನ್ಸಿಲ್‌ಗಳು ಹಣವನ್ನು ಹೊಂದಿಸಿಕೊಳ್ಳುವುದನ್ನು ನ್ಯಾಯಾಲಯ ತಡೆಯುವುದಿಲ್ಲ, ಆದರೆ ಯಾರಿಗೆ ಏನಾಗುತ್ತದೆ ಎಂದು ನೋಡದೆ ಹೊಂದಿಸಿಕೊಂಡರೆ ತಡೆಯುತ್ತದೆ ಎಂದು ಇದನ್ನು ಓದಿಕೊಳ್ಳಬಹುದು. ಹಾಗಾಗಿ ನಿಮ್ಮ ಉತ್ತರದಲ್ಲಿ ‘ಸಮಾನತೆಯ ಪರಿಣಾಮದ ಅಂದಾಜು ಮಾಡಿದ್ದೀರಾ, ಅದರಲ್ಲಿ ಪ್ಲಾನ್ ಇಲ್ಲದ ಸೆನ್ ಸಪೋರ್ಟ್ ಮಕ್ಕಳನ್ನೂ ಸೇರಿಸಿದ್ದೀರಾ’ ಎಂದು ಕೇಳುವುದು ಕೇವಲ ಔಪಚಾರಿಕ ಸಾಲಾಗುವುದಿಲ್ಲ.

ನಿಮ್ಮ ಕನ್ನಡ ಬಳಗದ ಮಾತಿಗೆ ಮರಳುತ್ತೇನೆ, ಏಕೆಂದರೆ ಅಲ್ಲಿ ಎರಡು ವಿಷಯಗಳು ಬೆರೆತಿರುವಂತೆ ತೋರುತ್ತದೆ. ಮನೆಯಲ್ಲಿ ಕನ್ನಡವಾಡುವ ಮಗು ಮೊದಮೊದಲು ಇಂಗ್ಲಿಷ್ ತಡವರಿಸಿದರೆ ಅದು ವಿಶೇಷ ಅಗತ್ಯವಲ್ಲ; 2014ರ ಕಾಯ್ದೆಯ 20ನೇ ಸೆಕ್ಷನ್ ಮನೆಭಾಷೆ ಬೇರೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಕಲಿಕಾ ತೊಂದರೆಯಿದೆ ಎಂದು ಎಣಿಸಬಾರದೆಂದು ನೇರವಾಗಿ ಹೇಳಿದೆ. ಅಂಥ ಮಕ್ಕಳಿಗಾಗಿ ಸ್ಕೂಲ್ಸ್ ಬ್ಲಾಕ್‌ನ ಸೂತ್ರದಲ್ಲಿಯೇ, ಶಾಲೆ ಸೇರಿದ ಮೊದಲ ಮೂರು ವರ್ಷಗಳಿಗೆ ಪ್ರತ್ಯೇಕ ಮೊತ್ತವಿದೆ. ಇದರ ಮತ್ತೊಂದು ಮುಖವೂ ಇದೆ, ಮತ್ತು ಅದನ್ನು ಹೇಳದೆ ಬಿಡಲಾರೆ: ‘ಎರಡು ಭಾಷೆಯ ಗೊಂದಲ, ದೊಡ್ಡವನಾದ ಮೇಲೆ ಸರಿಹೋಗುತ್ತದೆ’ ಎಂದುಕೊಂಡು, ಅಥವಾ ನಾಲ್ಕು ಜನ ಏನೆಂದಾರು ಎಂಬ ಅಳುಕಿನಿಂದ, ಕನ್ನಡದಲ್ಲಿಯೂ ಮಾತು ಹೊರಡದ ಮಗುವನ್ನು ತಪಾಸಣೆಗೆ ಒಯ್ಯದೆ ವರ್ಷಗಟ್ಟಲೆ ತಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ‘ನಮ್ಮ ಮಕ್ಕಳು’, ‘ಅವರ ಮಕ್ಕಳು’ ಎಂದು ಗೆರೆ ಎಳೆಯುವವರ ಮನೆಯಲ್ಲಿಯೇ ಆ ಗೆರೆಯ ಆಚೆಯ ಮಗು ಇರಬಹುದು.

ಎಸ್‌ಡಿಎಂಸಿಯ ಹೋಲಿಕೆಯ ಬಗ್ಗೆ ಒಂದು ಮಾತು. ನಮ್ಮೂರ ಶಾಲೆಗಳಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬರುವ ಹಣಕ್ಕೆ ಸಮಗ್ರ ಶಿಕ್ಷಣದ ಶೀರ್ಷಿಕೆಗಳು ಮೇಲಿನಿಂದಲೇ ನಿಗದಿಯಾಗಿ ಬರುತ್ತವೆ, ಸಂಪನ್ಮೂಲ ಶಿಕ್ಷಕರು ತಾಲ್ಲೂಕು ಮಟ್ಟದಲ್ಲಿದ್ದು ಶಾಲೆಯಿಂದ ಶಾಲೆಗೆ ಅಲೆಯುತ್ತಾರೆ. ಇಷ್ಟು ಪಾಲನ್ನು ಆಚೆಗೆ ಕೊಡೋಣವೇ ಎಂದು ಊರಿನವರನ್ನು ಕೇಳುವ ಪ್ರಮೇಯವೇ ಇಲ್ಲ. ಅಲ್ಲಿನ ಚರ್ಚೆ ಇರುವುದು ಹುದ್ದೆಗಳ ಸುತ್ತ: 2021ರ ಅಕ್ಟೋಬರ್‌ನಲ್ಲಿ ಭಾರತದ ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ, ಅದಕ್ಕಿಂತ ಮೇಲಿನ ಹಂತಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಇಂಗ್ಲೆಂಡಿನಲ್ಲಿ ಅಂಥ ಅನುಪಾತದ ನಿಯಮವಿಲ್ಲ. ಇಲ್ಲಿ ಎಲ್ಲವೂ ಮಗುವಿನ ಪ್ಲಾನ್ ಮತ್ತು ಶಾಲೆಯ ಬಜೆಟ್ ಎಂಬ ಎರಡು ಕಾಗದಗಳಲ್ಲಿ ಅಡಗಿದೆ. ಗವರ್ನರ್ ಆದ ನಿಮಗೆ ಎರಡನೆಯ ಕಾಗದ ಓದಲು ಬರಬೇಕು.

ನೀವು ತಂದೆತಾಯಂದಿರಿಂದ ಆಯ್ಕೆಯಾದವರಾದರೂ ಅವರ ವಕೀಲರಲ್ಲ, ಹೆಡ್‌ಟೀಚರ್‌ರ ವಕ್ತಾರರೂ ಅಲ್ಲ. ಇಡೀ ಶಾಲೆಯ ಹಿತವನ್ನು ನೋಡಿ ಸ್ವಂತ ವಿವೇಚನೆಯಿಂದ ಮಾತನಾಡುವುದು ಗವರ್ನರ್‌ನ ಕೆಲಸ. ಹಾಗಾಗಿ ಗವರ್ನರ್‌ಗಳ ಸಭೆಯಲ್ಲಿ ಬರಿಯ ‘ಒಪ್ಪುತ್ತೇವೆ’ ಅಥವಾ ‘ವಿರೋಧಿಸುತ್ತೇವೆ’ ಎಂಬ ಉತ್ತರಕ್ಕೆ ನಿಲ್ಲಬೇಡಿ. ಷರತ್ತಿನ ಉತ್ತರವನ್ನು ಪ್ರಸ್ತಾಪಿಸಿ. ವರ್ಗಾವಣೆಯಾದ ಮೊತ್ತವನ್ನು ಕೊರತೆಯ ಲೆಕ್ಕದಿಂದ ಬೇರೆಯಾಗಿ ತೋರಿಸಬೇಕು, ಅದು ಮಾಮೂಲಿ ಶಾಲೆಗಳಲ್ಲಿನ ಹೆಸರಿಸಿದ ಕೆಲಸಗಳಿಗೇ ಬಳಕೆಯಾಗಬೇಕು, ಹೆಚ್ಚು ಪ್ಲಾನ್‌ಗಳಿರುವ ಶಾಲೆಗಳಿಗೆ ಅದರಲ್ಲಿ ಪಾಲಿರಬೇಕು, ಎಷ್ಟು ಮಕ್ಕಳನ್ನು ತಲುಪಿತು ಎಂಬ ವರದಿ ಮುಂದಿನ ಶರತ್ಕಾಲದ ಫೋರಂ ಸಭೆಗೆ, ಅಂದರೆ ಮತ್ತೆ ಕೇಳುವ ಮೊದಲೇ, ಬರಬೇಕು. ಈ ಹಿಂದಿನ ವರ್ಷಗಳಲ್ಲಿಯೂ ವರ್ಗಾವಣೆ ಆಗಿದ್ದರೆ ಆ ಹಣ ಏನಾಯಿತೆಂದು ಕೇಳಿ. ಉತ್ತರ ಸಿಗದಿದ್ದರೆ ಈ ವರ್ಷ ‘ಇಲ್ಲ’ ಎನ್ನಲು ಅದೊಂದೇ ಸಾಕು.

ಸ್ಕೂಲ್ಸ್ ಫೋರಂನ ಸಭೆಗಳು ಸಾರ್ವಜನಿಕರಿಗೆ ತೆರೆದಿರುತ್ತವೆ, ಕಾರ್ಯಸೂಚಿಯೂ ಟಿಪ್ಪಣಿಗಳೂ ಕೌನ್ಸಿಲ್‌ನ ಜಾಲತಾಣದಲ್ಲಿ ಮೊದಲೇ ಸಿಗುತ್ತವೆ. ಪ್ರೈಮರಿ ಶಾಲೆಗಳ ಪರವಾಗಿ ಯಾರು ಅಲ್ಲಿ ಕೂರುತ್ತಾರೆಂದು ಸದಸ್ಯರ ಪಟ್ಟಿಯಲ್ಲಿ ನೋಡಿ, ನಿಮ್ಮ ಶಾಲೆಯ ಉತ್ತರದ ಒಂದು ಪ್ರತಿಯನ್ನು ಮತದಾನಕ್ಕೆ ಮುನ್ನ ಅವರಿಗೂ ಕಳುಹಿಸಿ. ಕೌನ್ಸಿಲ್‌ನ ಅಧಿಕಾರಿಗಳು ನೂರಾರು ಉತ್ತರಗಳನ್ನು ‘ಬಹುಮತ ವಿರುದ್ಧವಾಗಿತ್ತು’ ಎಂಬ ಒಂದು ವಾಕ್ಯಕ್ಕೆ ಇಳಿಸುವುದು ಸಾಮಾನ್ಯ, ಷರತ್ತುಗಳು ಆ ವಾಕ್ಯದಲ್ಲಿ ಉಳಿಯುವುದಿಲ್ಲ. ಸರ್ಕಾರದ ಅನುಮತಿ ಕೇಳಬೇಕಾದರೆ ಕೌನ್ಸಿಲ್ ನವೆಂಬರ್ ಹೊತ್ತಿಗೆ ಅರ್ಜಿ ಹಾಕುತ್ತದೆ, ಜನವರಿಯಲ್ಲಿ ಹಂಚಿಕೆಯ ಲೆಕ್ಕ ಅಂತಿಮವಾಗುತ್ತದೆ, ಕೌನ್ಸಿಲ್‌ನಡಿಯ ಶಾಲೆಗಳಿಗೆ ಫೆಬ್ರುವರಿ 28ರೊಳಗೆ ಬಜೆಟ್ ತಲುಪಬೇಕು. ಆ ಹಾಳೆ ಬಂದ ದಿನ ನೋಷನಲ್ ಸೆನ್ ಬಜೆಟ್‌ನ ಸಾಲನ್ನು ಹಿಂದಿನ ವರ್ಷದ ಸಾಲಿನ ಪಕ್ಕದಲ್ಲಿಟ್ಟು, ನಿಮ್ಮನ್ನು ಕಂಡು ನೊಂದುಕೊಂಡ ಆ ತಂದೆತಾಯಂದಿರೊಂದಿಗೆ ಕುಳಿತು ಓದಿ.